ಆ ಹುಡುಗಿಯ ಕಾಲು ನೆಟ್ಟಗಿದ್ದವು

ಗೆಳೆಯರೇ, ಇಂದು ಮಸ್ಕಿಯ ಒಂದು ಕಿರಾಣಿ ಅಂಗಡಿಯಲ್ಲಿ ನ್ಯಾಯ ಗೆದ್ದಿತು. ಅಂಗಡಿ ನನ್ನ ದೊಡ್ಡಪ್ಪನ ಮಗ ಮಲ್ಲಣ್ಣನದು.

ತೊಂಬತ್ತರ ದಶಕದಲ್ಲಿ ಟಿ.ವಿ.ಯಲ್ಲಿ ಹಾಸ್ಟೆಲ್ ಹುಡುಗಿಯರ ಒಂದು ದೆವ್ವದ ಧಾರಾವಾಹಿ ಬರುತ್ತಿತ್ತು. ಅವರಲ್ಲಿ ಒಬ್ಬ ಹುಡುಗಿಯೇ ದೆವ್ವವಿರಬೇಕೆಂದು ನೋಡುವವರಿಗೆಲ್ಲ ಅನುಮಾನ. ಕೊನೆಯ ಕಂತಿನ ನಡುವೆ ಮಸ್ಕಿಯಲ್ಲಿ ಕರೆಂಟು ಹೋಯಿತು. ಟ್ರ್ಯಾಕ್ಟರ್ ಬ್ಯಾಟರಿಗೆ ಟಿ.ವಿ. ಜೋಡಿಸಿ ಪೂರ್ತಿ ನೋಡಿದವನು ಮಲ್ಲಣ್ಣ ಒಬ್ಬನೇ. ಮರುದಿನ, "ಆ ಹುಡುಗೀನ ದೆವ್ವ. ಕಾಲು ಹಿಂದಕ್ಕ ತಿರುಗಿದ್ವು" ಎಂದು ಓಣಿಗೆಲ್ಲ ಸಾರಿದ. ಲಿಂಗಸುಗೂರಿನ ಅತ್ತೆಯ ಮನೆಯಲ್ಲಿ ಅದೇ ಕಂತು ನೋಡಿ ಬಂದಿದ್ದ ನಾನು, ಆಕೆ ದೆವ್ವವಲ್ಲ, ಗೆಳತಿಯನ್ನು ದೆವ್ವದಿಂದ ಬಿಡಿಸಿದವಳು ಎಂದೆ. ಯಾರೂ ನಂಬಲಿಲ್ಲ. ಬ್ಯಾಟರಿ ಇದ್ದವನ ಮಾತೇ ಮಾತು! ಅಂದಿನಿಂದ ನಾನು ಸುಳ್ಳಿ ಶಾಂತಿ.

ಇಂದೂ ಅಂಗಡಿಗೆ ಹೋದಾಗ ಮಲ್ಲಣ್ಣ ಗಿರಾಕಿಗಳ ಎದುರು, "ಬಾರವ್ವಾ ಸುಳ್ಳಿ" ಎಂದ. ಮೊನ್ನೆಯಷ್ಟೇ ಆ ಕಂತು ನನಗೆ ಮೊಬೈಲಿನಲ್ಲಿ ಸಿಕ್ಕಿತ್ತು. ಅಕ್ಕಿ ಚೀಲದ ಮೇಲಿಟ್ಟು ಎಲ್ಲರಿಗೂ ತೋರಿಸಿದೆ. ಕಾಲು ನೆಟ್ಟಗಿದ್ದವು!

"ಮತ್ತ ನೀವು ನೋಡಿದ್ದೇನ್ರೀ?" ಎಂದು ಅತ್ತಿಗೆ ಗಂಡನನ್ನು ಕೇಳಿದಳು.

"ಬ್ಯಾಟರಿ ಇಳಿದಿತ್ತು. ಚಿತ್ರ ಮಬ್ಬಾಗಿ ಬರೀ ಮಾರಿ ಕಾಣತಿತ್ತು, ಕಾಲು ಕಾಣತಿದ್ದಿಲ್ಲ. ದೆವ್ವ ಅಂದಮ್ಯಾಲ ಕಾಲು ತಿರುಗೇ ಇರ್ತಾವಲ್ಲ!"

"ಇನ್ನ ಮ್ಯಾಲ ಆಕಿ ಬರೇ ಶಾಂತಿ. ಸುಳ್ಳ ಮಲ್ಲಣ್ಣ ಅಂದ್ರ ನೀವು" ಎಂದಳು ಅತ್ತಿಗೆ.

ಸಂಜೆಯೊಳಗೆ ಆ ಹೆಸರು ಬಸ್ ಸ್ಟ್ಯಾಂಡ್ ಮುಟ್ಟಿತ್ತು. ಅದಕ್ಕೆ ಕರೆಂಟೂ ಬೇಕಾಗಲಿಲ್ಲ, ಬ್ಯಾಟರಿಯೂ ಬೇಕಾಗಲಿಲ್ಲ.