ಟೈರಿನೊಳಗಿನ ಬೆರಳು

ಅವರ ಬಲಗೈಯ ಎರಡು ಬೆರಳುಗಳ ತುದಿಗಳು ಮಾತ್ರ ಮಗುವಿನ ಬೆರಳಿನ ಹಾಗೆ ಮೆತ್ತಗಿದ್ದವು. ಉಳಿದ ಕೈಯೆಲ್ಲ ಗ್ರೀಸು, ರಬ್ಬರಿನ ಮಸಿ, ಒಡೆದ ಚರ್ಮ. ಆ ಎರಡು ಬೆರಳುಗಳಿಗೆ ಸಂಜೆ ಕೊಬ್ಬರಿ ಎಣ್ಣೆ ಸವರಿ, ಹಳೆಯ ಪಂಚೆಯ ತುಂಡಿನಲ್ಲಿ ಒರೆಸಿಕೊಂಡ ಮೇಲೆಯೇ ಅಂಗಡಿ ಮುಚ್ಚುತ್ತಿದ್ದರು. ಟೀ ಲೋಟವನ್ನು ಎಡಗೈಯಲ್ಲೇ ಹಿಡಿಯುತ್ತಿದ್ದರು. ಬಿಸಿ ತಾಗಿದರೆ ಬೆರಳು ಮಂಕಾಗುತ್ತದೆ ಎಂಬುದು ಅವರ ನಂಬಿಕೆ.

ಭದ್ರಾವತಿಯಲ್ಲಿ, ಶಿವಮೊಗ್ಗಕ್ಕೆ ಹೋಗುವ ರಸ್ತೆಯ ಮೇಲಿದ್ದ ಪಂಕ್ಚರ್ ಅಂಗಡಿಯ ಯಜಮಾನರು ಅವರು. ತೊಂಬತ್ತರ ದಶಕದಲ್ಲಿ ನಾನು ಔಷಧಿ ಕಂಪನಿಯೊಂದರ ಪ್ರತಿನಿಧಿ. ಮನೆ ಶಿವಮೊಗ್ಗದ ಆಲ್ಕೊಳದಲ್ಲಿ. ವಾರಕ್ಕೆರಡು ದಿನ ಸ್ಯಾಂಪಲ್ ಮಾತ್ರೆಗಳ ಚೀಲವನ್ನು ಬೈಕಿಗೆ ಕಟ್ಟಿಕೊಂಡು ಬಂದು ಭದ್ರಾವತಿಯ ಡಾಕ್ಟರುಗಳ ಬಾಗಿಲಲ್ಲಿ ಕಾಯುವುದು ನನ್ನ ಕೆಲಸ. ಒಂದೇ ವಾರದಲ್ಲಿ ಹಿಂದಿನ ಚಕ್ರ ಮೂರನೇ ಸಲ ಪಂಕ್ಚರ್ ಆದ ದಿನ, ಗಾಡಿ ತಳ್ಳಿಕೊಂಡು ಅವರ ಅಂಗಡಿಗೆ ಹೋದೆ.

ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಅದ್ದಿದರು. ಅಕ್ಕಪಕ್ಕದ ಎರಡು ತೂತಿನಿಂದ ಗುಳ್ಳೆ ಎದ್ದವು.

"ಇದು ಮೊಳೆ ಮಾಡಿದ್ದಲ್ಲ ಸಾರ್. ಹೋದ ಸಲ ಹಾಕಿದೋನು ಮಾಡಿದ್ದು. ರಿಮ್ಮಿಗೂ ಟೈರಿಗೂ ಮಧ್ಯ ಟ್ಯೂಬು ಸಿಕ್ಕೊಂಡಿದೆ, ಅವನು ನೋಡದೆ ಲಿವರ್ ಎತ್ತಿದಾನೆ."

"ಬೇಗ ಆಗುತ್ತಾ? ಹನ್ನೊಂದಕ್ಕೆ ಡಾಕ್ಟರನ್ನ ನೋಡ್ಬೇಕು."

"ಬೇಗ ಆಗ್ಬೇಕು ಅಂದ್ರೆ ಬಸ್ಸಿಗೆ ಹೋಗಿ ಮಾರಾಯ್ರೆ. ಸಂಜೆ ಬಂದು ಗಾಡಿ ತಗೊಳ್ಳಿ."

ನಾನು ಹೋಗಲಿಲ್ಲ. ಕೂತು ನೋಡಿದೆ. ಹೊಸ ಟ್ಯೂಬು ಹಾಕುವ ಮುಂಚೆ ಆ ಎರಡು ಬೆರಳನ್ನು ಟೈರಿನೊಳಗೆ ಇಳಿಸಿ, ಕಣ್ಣು ಮುಚ್ಚಿ ಒಂದು ಸುತ್ತು ಸವರಿದರು. ಆಮೇಲೆ ಹಿಮ್ಮುಖವಾಗಿ ಇನ್ನೊಂದು ಸುತ್ತು. ಒಂದು ಕಡೆಯಿಂದ ಸವರಿದರೆ ಮುಳ್ಳು ಮಲಗುತ್ತದಂತೆ, ಇನ್ನೊಂದು ಕಡೆಯಿಂದ ಸವರಿದರೆ ಏಳುತ್ತದಂತೆ. ಅಕ್ಕಿಯ ನುಚ್ಚಿನಷ್ಟು ಸಣ್ಣ ಜಾಲಿಮುಳ್ಳಿನ ತುದಿಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಟ್ಯೂಬಿಗೆ ಪೌಡರ್ ಹಚ್ಚಿ, ಸುಕ್ಕು ಹೋಗುವಷ್ಟೇ ಗಾಳಿ ಹಾಕಿ, ಸ್ಪೋಕುಗಳ ತಲೆ ಮುಚ್ಚುವ ರಬ್ಬರ್ ಪಟ್ಟಿ ಸರಿಯಾಗಿ ಕೂತಿದೆಯೇ ನೋಡಿದರು. ಟೈರನ್ನು ವಾಲ್ವಿನ ಎದುರುಗಡೆಯಿಂದ ಕೂರಿಸುತ್ತ ಬಂದು ವಾಲ್ವಿನ ಹತ್ತಿರವೇ ಮುಗಿಸಿದರು. ಗಾಳಿ ತುಂಬಿದರು, ಪೂರ್ತಿ ಬಿಟ್ಟರು, ಮತ್ತೆ ತುಂಬಿದರು. ವಾಲ್ವಿನ ನಟ್ಟನ್ನು ಬೆರಳಿನಲ್ಲಷ್ಟೇ ತಿರುಗಿಸಿ, ರಿಮ್ಮಿಗೆ ತಾಗದ ಹಾಗೆ ಸಡಿಲ ಬಿಟ್ಟರು.

"ಬಿಗಿ ಮಾಡಲ್ವಾ?"

"ಒಳಗೆ ಟ್ಯೂಬು ಜಾರಿದ್ರೆ ವಾಲ್ವು ಓರೆಯಾಗಿ ಹೇಳುತ್ತೆ ಸಾರ್. ಸ್ಪ್ಯಾನರ್ ಹಾಕಿ ಬಿಗಿದುಬಿಟ್ರೆ ಹೇಳೋದಕ್ಕೂ ಆಗಲ್ಲ, ಬುಡ ಸಮೇತ ಕಿತ್ತು ಹೋಗುತ್ತೆ."

ಅಂದಿನಿಂದ ಬೇರೆಯವರ ಕೈಗೆ ನನ್ನ ಚಕ್ರ ಕೊಡಲಿಲ್ಲ. ಪಂಕ್ಚರ್ ಇಲ್ಲದಿದ್ದರೂ ಅವರ ಬೆಂಚಿನ ಮೇಲೆ ಐದು ನಿಮಿಷ ಕೂತು ಶಿವಮೊಗ್ಗಕ್ಕೆ ವಾಪಸು ಹೊರಡುವುದು ಅಭ್ಯಾಸವಾಯಿತು. ಡಾಕ್ಟರುಗಳು ನನ್ನನ್ನು ನಿಲ್ಲಿಸಿಯೇ ಮಾತಾಡಿಸುತ್ತಿದ್ದರು. ಇವರು ಬೆಂಚನ್ನು ಒರೆಸಿ "ಕೂತ್ಕೊಳ್ಳಿ" ಎನ್ನುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ನನ್ನ ಮುಂದಿನ ಟೈರಿನೊಳಗೆ ಎರಡೂ ಸುತ್ತು ಬೆರಳಾಡಿಸಿ "ಏನೂ ಇಲ್ಲ" ಎಂದು ಕೈ ಹೊರಗೆ ತೆಗೆದರು. ಬೆರಳಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಒಳಗೊಂದು ತಂತಿಯ ಚೂರು ಎದ್ದು ನಿಂತಿತ್ತು. ಅವರು ಆ ಬೆರಳನ್ನು ಬೇರೆ ಯಾರದೋ ಎಂಬಂತೆ ನೋಡಿದರು.

"ಗೊತ್ತೇ ಆಗ್ಲಿಲ್ಲವಲ್ಲ."

"ಸಕ್ಕರೆ ಕಾಯಿಲೆ ಇದೆಯಾ?" ಎಂದು ಕೇಳಿದೆ.

"ಇದೆ. ಹತ್ತು ವರ್ಷ ಆಯ್ತು. ಕಾಲು ಜೋಮು ಹಿಡಿಯುತ್ತೆ. ಕೈಗೂ ಬಂತಾ?"

ಶಿವಮೊಗ್ಗದಲ್ಲಿ ನನಗೆ ಪರಿಚಯವಿದ್ದ ಡಾಕ್ಟರೊಬ್ಬರಿಗೆ ತೋರಿಸಿದೆ. ಯಜಮಾನರನ್ನು ಹೊರಗೆ ಕೂರಿಸಿ ಡಾಕ್ಟರು ನನಗೆ ಹೇಳಿದರು: ನರ ಸತ್ತಿದೆ, ಹೋದದ್ದು ಬರುವುದಿಲ್ಲ, ಸಕ್ಕರೆ ಹತೋಟಿಯಲ್ಲಿಟ್ಟರೆ ಮುಂದಕ್ಕೆ ಹೋಗದೆ ಇರಬಹುದು, ಅಷ್ಟೇ. ಹೊರಗೆ ಬಂದೆ. ಯಜಮಾನರು ಬೆಂಚಿನಿಂದ ಎದ್ದು ನಿಂತರು.

"ಏನಂದ್ರು ಸಾರ್?"

ಅವರ ಮುಖ ನೋಡಿ ನನಗೆ ಹೇಳಲಾಗಲಿಲ್ಲ. "ಮಾತ್ರೆ ತಗೊಂಡ್ರೆ ನಿಧಾನಕ್ಕೆ ಸರಿಯಾಗುತ್ತೆ ಅಂದ್ರು" ಎಂದುಬಿಟ್ಟೆ.

ಅಲ್ಲಿಂದ ಮುಂದೆ ಪ್ರತಿ ತಿಂಗಳು ನನ್ನ ಚೀಲದಿಂದ ವಿಟಮಿನ್ ಮಾತ್ರೆ ತೆಗೆದು ಕೊಟ್ಟೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕುತ್ತಿದ್ದರು. "ಸ್ವಲ್ಪ ಪರವಾಗಿಲ್ಲ ಅನ್ಸುತ್ತೆ ಸಾರ್, ನಿನ್ನೆ ಒಂದು ಮೊಳೆ ಸಿಕ್ತು" ಎನ್ನುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಹೇಗೆ ಬಾಯಿ ಬಿಡುವುದೆಂದು ಪ್ರತಿ ಸಲವೂ ಯೋಚಿಸುತ್ತಿದ್ದೆ. ಹಾಗೆಯೇ ಎಂಟು ತಿಂಗಳು ಹೋದವು.

ಒಂದು ಶುಕ್ರವಾರ ಹೋದಾಗ ಅಂಗಡಿಯ ಬಾಗಿಲು ತೆರೆದಿತ್ತು, ಕೆಲಸ ನಡೆದಿರಲಿಲ್ಲ. ಅವರು ನೀರಿನ ತೊಟ್ಟಿಯ ಪಕ್ಕ ಸುಮ್ಮನೆ ಕೂತಿದ್ದರು. ಎರಡು ದಿನದ ಹಿಂದೆ ಊರಿನ ಕಾರ್ಖಾನೆಯ ಕೆಲಸಗಾರನೊಬ್ಬನ ಬೈಕಿಗೆ ಟ್ಯೂಬು ಹಾಕಿಕೊಟ್ಟಿದ್ದರು. ಬೆರಳಾಡಿಸಿ, ಏನೂ ಇಲ್ಲವೆಂದಿದ್ದರು. ಗಾಡಿ ಸೇತುವೆ ತಲುಪುವಷ್ಟರಲ್ಲಿ ಹಿಂದಿನ ಚಕ್ರದ ಗಾಳಿ ಒಮ್ಮೆಲೇ ಹೋಗಿ, ಹಿಂದೆ ಕೂತಿದ್ದ ಅವನ ಹೆಂಡತಿ ರಸ್ತೆಗೆ ಬಿದ್ದಿದ್ದಳು. ತೋಳು ಮುರಿದಿತ್ತು. ಟೈರಿನೊಳಗೆ ಮುಳ್ಳು ಹಾಗೇ ಇತ್ತು.

"ನಿಜ ಹೇಳಿ ಸಾರ್" ಎಂದರು. "ಇದು ಸರಿ ಹೋಗುತ್ತಾ?"

"ಇಲ್ಲ" ಎಂದೆ.

"ಡಾಕ್ಟರು ಅವತ್ತೇ ಹೇಳಿದ್ರಾ?"

"ಹೇಳಿದ್ರು."

ಅವರು ಆ ಎರಡು ಬೆರಳನ್ನು ತೊಟ್ಟಿಯ ನೀರಿನಲ್ಲಿ ಅದ್ದಿ ತೆಗೆದರು. ಬೈಗುಳದ ದನಿಯೇ ಇಲ್ಲದೆ ಹೇಳಿದರು: "ಅವತ್ತೇ ಹೇಳಿದ್ರೆ ಟೈರಿಗೆ ಕೈ ಹಾಕ್ತಿರಲಿಲ್ಲ ನಾನು. ಆಯಮ್ಮ ಬೀಳ್ತಿರಲಿಲ್ಲ." ಆಮೇಲೆ ಎದ್ದು ಅಂಗಿ ಕೊಡವಿಕೊಂಡರು. "ಅವರ ಮನೆಗೆ ಹೋಗ್ಬೇಕು. ಒಬ್ನೇ ಹೋಗೋಕೆ ಧೈರ್ಯ ಸಾಲ್ತಾ ಇಲ್ಲ. ಬರ್ತೀರಾ?"

ಕಾರ್ಖಾನೆಯ ಕ್ವಾರ್ಟರ್ಸಿಗೆ ನನ್ನ ಬೈಕಿನಲ್ಲೇ ಹೋದೆವು. ಗಂಡ ಬಾಗಿಲಲ್ಲೇ ನಿಂತು, "ನಿಮ್ಮನ್ನ ನಂಬಿ ಹೆಂಡ್ತಿನ ಕೂರಿಸ್ಕೊಂಡು ಹೋದೆ ಕಣ್ರೀ! ತಲೆಗೆ ಬಿದ್ದಿದ್ರೆ?" ಎಂದು ಕೂಗಾಡಿದ.

"ತಪ್ಪು ನಂದೇ" ಎಂದು ಯಜಮಾನರು ಕೈ ಮುಗಿದರು. "ಬೆರಳಿಗೆ ತಿಳೀಲಿಲ್ಲ. ತಿಳಿಯಲ್ಲ ಅಂತ ಗೊತ್ತಿದ್ದೂ ಕೆಲಸ ಮಾಡಿದೆ."

ಗೊತ್ತಿದ್ದೂ ಎಂದರು. ಅವರಿಗೆ ಗೊತ್ತಿರಲಿಲ್ಲ; ಗೊತ್ತಿದ್ದವನು ನಾನು, ಅವರ ಪಕ್ಕದಲ್ಲೇ ನಿಂತಿದ್ದೆ. ಒಳಗಿನಿಂದ ಆ ಹೆಂಗಸು ತೋಳಿಗೆ ಬ್ಯಾಂಡೇಜು ಕಟ್ಟಿಕೊಂಡೇ ಬಂದು, "ಬೇಕು ಅಂತ ಮಾಡಿದ್ರಾ ಪಾಪ, ವಯಸ್ಸಾದೋರು. ಬಿಡಿ" ಎಂದು ಗಂಡನನ್ನು ಸುಮ್ಮನಿರಿಸಿ ನೀರು ತಂದುಕೊಟ್ಟಳು. ಎಡಗೈಯಿಂದ ಕೊಡಬೇಕಾಯಿತೆಂದು ಅವಳಿಗೇ ಸಂಕೋಚ. ನನಗೂ ಒಂದು ಲೋಟ ಕೊಟ್ಟಳು. ಕುಡಿದೆ. ಬಾಯಿ ಬಿಡಲಿಲ್ಲ.

ವಾಪಸು ಬಂದು ಅಂಗಡಿಯ ಮುಂದೆ ಇಳಿದಾಗ ಅವರು ನನ್ನ ಭುಜ ಮುಟ್ಟಿದರು. "ನಿಮ್ಮ ವಿಷಯ ಹೇಳ್ಲಿಲ್ಲ ಬಿಡಿ ನಾನು. ನಾಲ್ಕು ಜನ ಡಾಕ್ಟರುಗಳ ಹತ್ರ ಓಡಾಡೋ ಕೆಲಸ ನಿಮ್ದು."

ಆಮೇಲೆ ಯಜಮಾನರ ಹೆಂಡತಿ ಅಂಗಡಿಗೆ ಬರತೊಡಗಿದರು. ಆಕೆ ಸೆರಗು ಸಿಕ್ಕಿಸಿ ಟೈರಿನೊಳಗೆ ಕೈ ಇಳಿಸುತ್ತಿದ್ದರೆ ಇವರು ಪಕ್ಕದಲ್ಲಿ ಕೂತು, "ನಿಧಾನ ಕಣೇ, ಹಿಂದಕ್ಕೊಂದು ಸಲ ಬಾ" ಎನ್ನುತ್ತಿದ್ದರು. ಕೆಲವರು ನಕ್ಕರು, ಕೆಲವರು ಬರುವುದನ್ನೇ ಬಿಟ್ಟರು. ಹೀಗೆ ವರ್ಷ ಕಳೆಯುವುದರೊಳಗೆ ಯಾವುದೋ ಗಾಡಿಯ ಸೈಲೆನ್ಸರ್ ಅವರ ಪಾದ ಸುಟ್ಟಿತು. ಅದೂ ಅವರಿಗೆ ತಿಳಿಯಲಿಲ್ಲ. ಹೆಂಡತಿ ನೋಡುವಷ್ಟರಲ್ಲಿ ಹುಣ್ಣು ಕಪ್ಪಾಗಿತ್ತು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ನೋಡಲು ಹೋದಾಗ, ಡಾಕ್ಟರು ಏನೆಂದರು ಎಂದು ನನ್ನನ್ನೇ ಕೇಳಿದರು. ಕಾಲು ತೆಗೆಯಬೇಕಂತೆ, ತೆಗೆದರೂ ಏನೂ ಹೇಳುವುದಕ್ಕಾಗುವುದಿಲ್ಲವಂತೆ ಎಂದೆ. "ಸರಿ. ಅವಳಿಗೆ ನಾನೇ ಹೇಳ್ತೀನಿ" ಎಂದರು. ಕಾಲು ತೆಗೆದ ಮೂರನೆಯ ದಿನ ತೀರಿಕೊಂಡರು.

ತಿಥಿ ಕಳೆದ ಮೇಲೆ ಒಂದು ಮಧ್ಯಾಹ್ನ ಆ ಕ್ವಾರ್ಟರ್ಸಿಗೆ ಹೋದೆ. ತಪ್ಪು ಅವರದಲ್ಲ, ನನ್ನದು ಎಂದು ಆ ಗಂಡಹೆಂಡತಿಗೆ ಹೇಳಬೇಕಿತ್ತು. ಮನೆಗೆ ಬೀಗ ಬಿದ್ದಿತ್ತು. ಕೆಲಸ ಬಿಟ್ಟು ತಮಿಳುನಾಡಿನ ಕಡೆ ಹೊರಟುಹೋದರು, ಯಾವ ಊರೋ ತಿಳಿಯದು ಎಂದರು ಪಕ್ಕದ ಮನೆಯಾಕೆ. ನಾನು ಅಲ್ಲೇ ನಿಂತಿದ್ದೆ.

"ಏನಾದ್ರೂ ಹೇಳ್ಬೇಕಿತ್ತಾ?" ಎಂದು ಕೇಳಿದರು.

"ಇಲ್ಲ" ಎಂದೆ. ಗಾಡಿ ತಿರುಗಿಸಿಕೊಂಡು ಹೊರಟೆ.