ಆರನೆಯ ದಾಡಿ

ಎಪ್ಪತ್ತನಾಲ್ಕರ ಬೇಸಿಗೆಯ ಒಂದು ರವಿವಾರ, ಬೆಳಿಗ್ಗೆ ಎಂಟು ಗಂಟೆ. ಬೈಲಹೊಂಗಲ ಪೇಟೆಯಲ್ಲಿ ಫಕೀರಪ್ಪನ ಕ್ಷೌರದಂಗಡಿ. ಹಾಜರಿದ್ದವರು ಫಕೀರಪ್ಪ, ನಾನು, ಸಂಪಗಾಂವದಿಂದ ದಾಡಿ ಮಾಡಿಸಿಕೊಳ್ಳಲು ಬಂದ ಐವರು ರೈತರು.

ಫಕೀರಪ್ಪ ಹೊಸ ಕತ್ತಿಯನ್ನು ಮೊದಲ ದಿನವೇ ಹೊಗಳಿದವನಲ್ಲ. ಮಸೆಗಲ್ಲನ್ನೂ ಕತ್ತಿ ತೀಡುವ ಚರ್ಮದ ಪಟ್ಟಿಯನ್ನೂ ದೂರವಿಟ್ಟು, ಒಂದೇ ಕತ್ತಿಯಿಂದ ಸಾಲಾಗಿ ಆರು ದಾಡಿ ಮಾಡುತ್ತಿದ್ದ. ಕಿವಿ ಅಲಗಿನ ಸಪ್ಪಳದ ಮೇಲೆ. ಆರನೆಯದರಲ್ಲೂ ಸಪ್ಪಳ ಬದಲಾಗದಿದ್ದರೆ ಅದು ಉಕ್ಕು. ಉಳಿದದ್ದೆಲ್ಲ ಅವನ ಬಾಯಲ್ಲಿ ತಗಡು.

ಎದುರಿನ ಕಬ್ಬಿಣದ ಸಾಮಾನಿನ ಅಂಗಡಿಯ ಉಸ್ತುವಾರಿ ನನ್ನದು. ನಾವು ಮಾರುವ 'ಜರ್ಮನಿ' ಮುದ್ರೆಯ ಕ್ಷೌರದ ಕತ್ತಿ ತಗಡು ಎಂದು ಅವನು ಎರಡು ವರ್ಷದಿಂದ ಊರಿಗೆಲ್ಲ ಹೇಳುತ್ತಿದ್ದ. ನನ್ನನ್ನು ಕಂಡರೆ ಉಗುಳುತ್ತಿದ್ದ. ಅವನನ್ನು ಕಂಡರೆ ನನಗೆ ಉಂಡ ಅನ್ನ ಕಹಿಯಾಗುತ್ತಿತ್ತು. ಕೊನೆಗೆ ನಾನೇ ಪೇಟೆಯ ನಡುವೆ ನಿಂತು ಹೇಳಿಬಿಟ್ಟೆ: ಪರೀಕ್ಷೆ ನಡೆಯಲಿ, ಆರನೆಯ ದಾಡಿ ನನ್ನದು, ಕತ್ತಿ ಸೋತರೆ ಅಂಗಡಿಯಲ್ಲಿ ಒಂದನ್ನೂ ಇಡುವುದಿಲ್ಲ.

ಕತ್ತಿ ಒಳ್ಳೆಯದೆಂದು ನಾನು ಸುಳ್ಳು ಹೇಳಿ ಮಾರಿರಲಿಲ್ಲ. ದಿನಾ ಅಂಗಡಿ ತೆರೆದೊಡನೆ ಆ ಕತ್ತಿಗಳನ್ನು ಒರೆಸಿ, ಪಟ್ಟಿಯ ಮೇಲೆ ಇಪ್ಪತ್ತು ಸಲ ತೀಡಿ, ಸಾಲಾಗಿ ಜೋಡಿಸುವುದು ನನ್ನ ಕ್ರಮ. ಯಾವುದೂ ಒಂದು ದಿನವೂ ಮೊಂಡಾಗಿದ್ದನ್ನು ಕಂಡಿರಲಿಲ್ಲ.

ಆ ರವಿವಾರ ಪರೀಕ್ಷೆಗೆ ಮುಂಚೆ ಫಕೀರಪ್ಪನಿಗೆ ಕತ್ತಿಯ ಮುದ್ರೆ ತೋರಿಸಲು ಹೋದೆ. ಅವನು ನೋಡಲಿಲ್ಲ.

"ಅಕ್ಷರ ದಾಡಿ ಮಾಡಂಗಿಲ್ರಿ, ಸಾಹೇಬ್ರ."

ಮೊದಲ ಎರಡು ನುಣ್ಣಗೆ ಮುಗಿದವು. ನಾನು ಮೀಸೆಯ ಮೇಲೆ ಕೈಯಾಡಿಸಿದೆ. ಮೂರನೆಯದಕ್ಕೆ ಕರಕರ ಸಪ್ಪಳ ಬಂತು. ನಾಲ್ಕನೆಯವನ ಕಣ್ಣಲ್ಲಿ ನೀರಾಡಿತು. ಐದನೆಯ ಮುದುಕ ಅರ್ಧಕ್ಕೇ ಕೈ ಹಿಡಿದ.

"ಫಕೀರಪ್ಪ, ದಾಡಿ ಮಾಡಾಕ ಹತ್ತೀಯೋ, ಹೊಲದಾಗಿನ ಕಸ ಕೀಳಾಕ ಹತ್ತೀಯೋ?"

ಕೊಟ್ಟ ಮಾತಿನಂತೆ ನಾನು ಕುಳಿತೆ. ಬಲಗೆನ್ನೆ ಮುಗಿಯುವಷ್ಟರಲ್ಲಿ ಚರ್ಮ ಉರಿಯತೊಡಗಿತು. ಅವನು ಕೈ ನಿಲ್ಲಿಸಿ, ಅಂಗಡಿಯಲ್ಲಿ ಇವನ್ನು ದಿನಾ ತೀಡುತ್ತೀರಾ ಎಂದು ಕೇಳಿದ. ಇಪ್ಪತ್ತು ಸಲ, ಎಂದೆ.

ಅಂದು ಮೊದಲ ಸಲ ಅವನು ನನ್ನ ಮುಖ ನೇರವಾಗಿ ನೋಡಿದ.

"ಹಂಗಾರ ಆ ಹರಿತ ನಿಮ್ಮ ಕೈದ್ರಿ, ಉಕ್ಕಿಂದಲ್ಲ. ಎರಡು ವರ್ಷ ಮಂದಿಗೆ ನಿಮ್ಮ ಕೈನ ಮಾರೀರಿ."

ಕತ್ತಿ ಮಡಚಿ ನನ್ನ ಮಡಿಲಿಗೆ ಹಾಕಿದ.

"ಏಳ್ರಿ. ಉಳಿದರ್ಧ ಜರ್ಮನಿಯವರ ಕಡೆ ಮಾಡಸ್ಕೋರಿ."

ಬಾಂಕಿನ ಮೇಲೆ ಸಾಲಾಗಿ ಕುಳಿತಿದ್ದ ರೈತರು ನಕ್ಕರು. ಅರ್ಧ ಮುಖದ ನೊರೆ ಒರೆಸಿಕೊಂಡು ಪೇಟೆ ದಾಟಿದೆ.

ಅಂಗಡಿಯಲ್ಲಿದ್ದ ಕತ್ತಿಗಳನ್ನೆಲ್ಲ ಕೆಳಗಿಳಿಸಿ ಪೆಟ್ಟಿಗೆಗೆ ಹಾಕಿ ಮೊಳೆ ಹೊಡೆದೆ. ಮಾಲೀಕರು ಬೈದರು, ಕೇಳಿಸಿಕೊಂಡೆ. ಸಂಜೆ ಬಾಗಿಲಲ್ಲಿ ಕನ್ನಡಿ ನಿಲ್ಲಿಸಿ, ಎಡಗೆನ್ನೆಗೆ ಸಾಬೂನು ಹಚ್ಚಿ, ಅದೇ ಸೋತ ಕತ್ತಿಯನ್ನು ಬಿಚ್ಚಿದೆ. ಚರ್ಮದ ಪಟ್ಟಿ ಕೈಯಳತೆಯಲ್ಲೇ ತೂಗುತ್ತಿತ್ತು. ಎದುರು ಫಕೀರಪ್ಪ ತನ್ನ ಬಾಗಿಲಲ್ಲಿ ಕೈಕಟ್ಟಿ ನಿಂತು, ನಾನು ಅದನ್ನು ಮುಟ್ಟುತ್ತೇನೋ ಎಂದು ನೋಡುತ್ತಿದ್ದ.

ಮುಟ್ಟಲಿಲ್ಲ. ಮೂರು ಕಡೆ ರಕ್ತ ಬಂತು. ದಾಡಿ ಮುಗಿಸಿದೆ.