ಅಗಸಗಿತ್ತಿ ತೊಳೆದ ಕಲ್ಲು

ಹೆದರಿಕೆ ಎಂಬುದು ಆ ಅಗಸಗಿತ್ತಿಯ ಜಾಯಮಾನದಲ್ಲೇ ಇರಲಿಲ್ಲ. ಯಾರ ಮನೆಯ ಕೊಳೆ ಎಂಥದ್ದೆಂದು ಬಲ್ಲವಳು ಯಾರಿಗೆ ಹೆದರಿಯಾಳು? ಅಂಥವಳ ಎದೆಯಲ್ಲಿ ನಡುಕ ಹುಟ್ಟಿಸಿದ್ದು ಒಂದು ಕಲ್ಲು.

ಅಂದು ಅವಳು ಗಿರಣಿಯ ಹಿಂದಿನ ಬಯಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಇದ್ದಕ್ಕಿದ್ದಂತೆ ಕಿವಿ ಗಡಚಿಕ್ಕುವ ಸದ್ದಾಯಿತು. ಹೊಗೆ ಉಗುಳುತ್ತ ಏನೋ ಮೇಲಿಂದ ಬಂದು ಗಿರಣಿಯ ಹೆಂಚು ಒಡೆದು ಒಳಗೆ ಬಿತ್ತು. ಗಿರಣಿ ಯಜಮಾನನ ಭುಜದ ಮೂಳೆ ಮುರಿಯಿತು.

ಅವಳ ಗಂಡ ಗುಡ್ಡದಲ್ಲಿ ಕಲ್ಲು ಒಡೆಯುವವನು. ಹಿಂದಿನ ದಿನವಷ್ಟೇ ಬೀಸುವ ಕಲ್ಲಿನ ವಿಷಯಕ್ಕೆ ಯಜಮಾನನೊಡನೆ ಜಗಳವಾಡಿ, “ನಿನ್ನ ತಲೆ ಮೇಲೆ ಕಲ್ಲು ಬೀಳ್ಲಿ” ಎಂದು ಶಪಿಸಿ ಬಂದಿದ್ದ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಇವನನ್ನು ಬಾಯಿಯೇ ಸೆರೆಮನೆಗೆ ಕಳಿಸಿತು. ಗುಡ್ಡದಿಂದ ಸಿಡಿಮದ್ದಿಟ್ಟು ಕಲ್ಲು ಹಾರಿಸಿದ್ದಾನೆ ಎಂದರು. ಗಿರಣಿಯವರು ಆ ಕಲ್ಲನ್ನು ಅವಳ ಅಂಗಳಕ್ಕೆ ಎಸೆದು, “ನಿನ್ನ ಗಂಡನ ಕಲ್ಲು, ನೀನೇ ಇಟ್ಕೋ” ಎಂದು ಹೋದರು.

ಕಲ್ಲು ಪರೀಕ್ಷಿಸಲು ಪಟ್ಟಣದಿಂದ ವಿದ್ವಾಂಸರೊಬ್ಬರು ಬರುತ್ತಾರೆಂದು ತಿಳಿಯಿತು. ಗಂಡನ ಅಳಿವು ಉಳಿವು ಅವರ ಒಂದು ಮಾತಿನ ಮೇಲಿತ್ತು. ದೊಡ್ಡವರು ಮುಟ್ಟುವ ವಸ್ತು ಹೀಗೆ ಮಸಿ ಹಿಡಿದಿದ್ದರೆ ಹೇಗೆ? ಕೈ ಸುಮ್ಮನಿರಲಿಲ್ಲ. ಗಂಡನ ಉಜ್ಜುಗಲ್ಲು ತೆಗೆದುಕೊಂಡು, ಮರಳು ಹಾಕಿ, ಮೇಲಿನ ಕರಿ ಸಿಪ್ಪೆಯೆಲ್ಲ ಹೋಗುವ ತನಕ ತಿಕ್ಕಿದಳು.

ವಿದ್ವಾಂಸರು ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಆಕಾಶದಿಂದ ಬಿತ್ತು ಅಂತೀಯಂತೆ. ಮೇಲೆ ಕಲ್ಲೇ ಇಲ್ಲದ ಮೇಲೆ ಕೆಳಗೆ ಬೀಳೋದು ಹೇಗಮ್ಮ? ಸಿಡಿಲು ಹೊಡೆದು ಹಾರಿದ್ದು ಅನ್ನೋಣ ಅಂದ್ರೆ ಮೈ ಸುಟ್ಟು ಕಪ್ಪಾಗಿರ್ಬೇಕಿತ್ತು. ಇದು ಶುದ್ಧ ಗುಡ್ಡದ ಕಲ್ಲು.”

ಅವಳು ತನ್ನ ಕೈಯಾರೆ ಗಂಡನಿಗೆ ಗುಂಡಿ ತೋಡಿದ್ದಳು.

“ಕಪ್ಪಿತ್ತು ಸ್ವಾಮಿ. ಕೊಳೆ ಅಂತ ನಾನೇ ತಿಕ್ಕಿ ತೆಗೆದುಬಿಟ್ಟೆ.”

ಅವರು ನಂಬಲಿಲ್ಲ. ಆದರೂ ಕಲ್ಲಿನ ಒಂದು ಕುಳಿಗೆ ಉಗುರು ಹಾಕಿ ಕೆರೆದರು. ಅಲ್ಲಿ ತುಸು ಕರಿ ಉಳಿದಿತ್ತು. ಅವರ ದನಿ ಮೆತ್ತಗಾಯಿತು.

“ಹಾಗಾದ್ರೆ ಸಿಡಿಲೇ ಇರ್ಬೇಕು. ಸಿಡಿಲಿಗೆ ಮೋಡ ಬೇಕಲ್ಲ, ಅವತ್ತು ಇತ್ತಾ? ಬಟ್ಟೆ ಒಣಗಿಸೋಳು ನೀನು, ನಿನಗಲ್ದೆ ಇನ್ಯಾರಿಗೆ ಗೊತ್ತಿರುತ್ತೆ?”

ಇಲ್ಲವೆಂದರೆ ಗಂಡ ಹೋದ.

“ಇತ್ತು ಸ್ವಾಮಿ. ದಟ್ಟ ಮೋಡ.”

ಗಂಡ ಮನೆಗೆ ಬಂದ. ಊರಿನ ಜನ ಅಂದಿನಿಂದ ಮೋಡ ಕವಿದರೆ ಬಾಗಿಲು ಹಾಕಿಕೊಂಡು ಕೂರುವುದನ್ನು ರೂಢಿ ಮಾಡಿಕೊಂಡರು. ಬಿಸಿಲು ಕಂಡೊಡನೆ ಮಕ್ಕಳನ್ನು ಬಯಲಿಗೆ ಬಿಡುತ್ತಿದ್ದರು. ಸಿಡಿಲೇ ಕಲ್ಲು ಹಾರಿಸಿದ್ದು ಎಂದು ವಿದ್ವಾಂಸರೇ ಹೇಳಿದ ಮೇಲೆ ಇನ್ನೇನು? ಅವಳು ಮಾತ್ರ ನೀಲಿ ಆಕಾಶಕ್ಕೇ ಹೆದರುತ್ತಿದ್ದಳು.

ಒಂದು ಬೆಳಗ್ಗೆ ಪಕ್ಕದ ಮನೆಯ ಸೊಸೆ ತನ್ನ ಹಸುಗೂಸನ್ನು ಬಯಲಿನಲ್ಲಿ ಬಿಸಿಲಿಗೆ ಮಲಗಿಸಿದಳು. ಅಗಸಗಿತ್ತಿ ಒದ್ದೆ ಬಟ್ಟೆಯನ್ನು ಅಲ್ಲೇ ಬಿಟ್ಟು ಓಡಿ ಬಂದಳು.

“ಮಗೂನ ಒಳಗೆ ಕರ್ಕೊಂಡು ಹೋಗಮ್ಮ.”

“ಯಾಕಕ್ಕಾ? ಒಂದು ಮೋಡಾನೂ ಇಲ್ವಲ್ಲ.”

ಅವಳು ಬೆನ್ನನ್ನು ಆಕಾಶಕ್ಕೆ ಒಡ್ಡಿ, ಮಗುವಿನ ಮೇಲೆ ಬಾಗಿ ಕೂತಳು.